ಅವೆನ್ಯೂ ರೋಡಿನಲ್ಲಿ ನೋಡೋಕೆ ಏನಿದೆ?

ಅಕ್ಕನ ಮಗಳು ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ರಜೆಗೆ ಬೆಂಗಳೂರಿಗೆ ಬರುವ ಮುಂಚೆ ಫೋನ್ ಮಾಡಿ, "ಮಾಮಾ, ಹಳೇ ಬೆಂಗಳೂರು ನೋಡಬೇಕು, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದಳು. ಅವೆನ್ಯೂ ರೋಡಿಂದ ಶುರು ಮಾಡು ಅಂದೆ. "ಅಲ್ಲಿ ನೋಡೋಕೆ ಏನಿದೆ?" ಅಂದಳು.

ಆ ಪ್ರಶ್ನೆ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಏನಿದೆ ಅಂತ ಹೇಳೋದು? ಬೆರಳು ಮಾಡಿ ತೋರಿಸೋಕೆ ಅಲ್ಲಿ ಅರಮನೆ ಇಲ್ಲ, ದೊಡ್ಡ ಗೋಪುರ ಇಲ್ಲ, ಒಳ್ಳೆ ಫೋಟೋ ಬರೋ ಜಾಗ ಕೂಡ ಕಷ್ಟ. ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಸಿಟಿ ಮಾರ್ಕೆಟ್‌ವರೆಗೆ ಒಂದು ಕಿಲೋಮೀಟರ್ ಚಿಲ್ಲರೆ ಉದ್ದದ ರಸ್ತೆ. ಎರಡೂ ಕಡೆ ಒತ್ತೊತ್ತಾಗಿ ಅಂಗಡಿ, ತಲೆ ಮೇಲೆ ವೈರು, ಬೋರ್ಡು, ಕಾಲ ಬಳಿ ಬಂಡಲ್ಲು. ಕಟ್ಟಡಗಳಲ್ಲಿ ಹೆಚ್ಚಿನವು ಕಳೆದ ನೂರು ವರ್ಷದ ಒಳಗಿನವು, ಎಷ್ಟೋ ನನಗಿಂತ ಚಿಕ್ಕವು. ಬೆಂಗಳೂರಿನಲ್ಲಿ ನೋಡಬೇಕಾದ ಜಾಗ ಅಂತ ಯಾರೇ ಪಟ್ಟಿ ಮಾಡಿದರೂ ಲಾಲ್‌ಬಾಗ್, ವಿಧಾನಸೌಧ, ಅರಮನೆ ಬರುತ್ತವೆ, ಎಂ.ಜಿ. ರೋಡ್ ಬರುತ್ತದೆ, ಈ ರಸ್ತೆ ಬರೋದಿಲ್ಲ. ಬಂದರೂ "ತುಂಬಾ ರಶ್ ಇರುತ್ತೆ, ಕಾರು ತಗೊಂಡು ಹೋಗಬೇಡಿ" ಅಂತ ಒಂದು ಎಚ್ಚರಿಕೆ ಜೊತೆಗೇ ಬರುತ್ತದೆ.

ಆದರೂ ನನ್ನ ಉತ್ತರ ಅದೇ. ಈ ಊರಿನಲ್ಲಿ ನಿಜವಾಗಿ ಹಳೆಯದು ಅಂತ ಒಂದೇ ಒಂದು ವಸ್ತುವನ್ನು ತೋರಿಸು ಅಂದರೆ ನಾನು ಅವೆನ್ಯೂ ರೋಡನ್ನೇ ತೋರಿಸುತ್ತೇನೆ. ಅದರ ಮೇಲಿನ ಕಟ್ಟಡಗಳನ್ನಲ್ಲ, ರಸ್ತೆಯನ್ನು. ಅದು ಹೋಗುವ ದಾರಿ, ಅದರ ಅಗಲ, ಅದು ಚಿಕ್ಕಪೇಟೆ ರಸ್ತೆಯನ್ನು ಅಡ್ಡ ಹಾಯುವ ಆ ಒಂದು ಚೌಕ. ಯಾಕೆ ಹೀಗನ್ನುತ್ತೇನೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನೇಗಿಲು ಹೋದ ದಾರಿ

ಕೆಂಪೇಗೌಡರ ಕಥೆ ಎಲ್ಲರಿಗೂ ಗೊತ್ತು. 1537ರಲ್ಲಿ ಮಣ್ಣಿನ ಕೋಟೆ, ಒಳಗೆ ಪೇಟೆ. ಬಿಳಿ ಎತ್ತುಗಳಿಗೆ ನೇಗಿಲು ಕಟ್ಟಿ, ಒಂದು ಚೌಕದಿಂದ ನಾಲ್ಕು ದಿಕ್ಕಿಗೆ ಹೊಡೆದು, ಆ ಸಾಲುಗಳೇ ಊರಿನ ದೊಡ್ಡ ಬೀದಿಗಳಾದವು ಅಂತ ನಮಗೆ ಶಾಲೆಯಲ್ಲೂ ಹೇಳಿದ್ದರು, ಮನೆಯಲ್ಲೂ ಹೇಳಿದ್ದರು. ಪೂರ್ವಕ್ಕೆ ಹಲಸೂರು, ಪಶ್ಚಿಮಕ್ಕೆ ಸೊಂಡೆಕೊಪ್ಪ, ಉತ್ತರಕ್ಕೆ ಯಲಹಂಕ, ದಕ್ಷಿಣಕ್ಕೆ ಆನೇಕಲ್. ಪೂರ್ವ ಪಶ್ಚಿಮದ ಸಾಲು ಚಿಕ್ಕಪೇಟೆ ಬೀದಿ. ಉತ್ತರ ದಕ್ಷಿಣದ್ದು ದೊಡ್ಡಪೇಟೆ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರೋಡ್.

ಎತ್ತಿನ ಕಥೆ ನಡೆದದ್ದು ಹಾಗೇನೋ ಹೀಗೇನೋ, ಅದರ ಬಗ್ಗೆ ನಾನು ಜಗಳ ಮಾಡೋದಿಲ್ಲ. ನಕ್ಷೆ ನೋಡಿದರೆ ಸಾಕು. ಎರಡು ನೇರ ಬೀದಿ, ಮಧ್ಯೆ ಒಂದು ಚೌಕ, ತುದಿಗಳಲ್ಲಿ ಬಾಗಿಲುಗಳು. ಬಾಗಿಲುಗಳು ಹೋಗಿ ಎಷ್ಟೋ ಕಾಲ ಆಯಿತು, ಹೆಸರುಗಳು ಮಾತ್ರ ಅಲ್ಲೇ ಕೂತಿವೆ. ಹಲಸೂರು ಬಾಗಿಲು ಈಗ ಹಲಸೂರು ಗೇಟ್ ಪೊಲೀಸ್ ಠಾಣೆ. ಯಲಹಂಕ ಬಾಗಿಲು ಇದ್ದ ಕಡೆ, ಅಂದರೆ ಅವೆನ್ಯೂ ರೋಡ್ ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಸೇರುವ ತುದಿಯಲ್ಲಿ, ಯಲಹಂಕ ಬಾಗಿಲು ಆಂಜನೇಯನ ಗುಡಿ ಇದೆ. ಕೋಟೆ ಬಾಗಿಲಲ್ಲಿ ಹನುಮಂತನನ್ನು ಕೂರಿಸೋದು ನಮ್ಮ ಕಡೆ ಹಳೇ ಪದ್ಧತಿ. ಬಾಗಿಲು ಬಿತ್ತು, ಗೋಡೆ ಬಿತ್ತು, ಕಂದಕ ಮುಚ್ಚಿತು, ಹನುಮಂತ ಕದಲಿಲ್ಲ. ಶನಿವಾರ ಬೆಳಗ್ಗೆ ಅಲ್ಲಿ ನಿಂತು ನೋಡಿ. ಬಸ್ ಇಳಿದವರು ಚಪ್ಪಲಿಯನ್ನು ಪಕ್ಕಕ್ಕೆ ಬಿಟ್ಟು, ಒಂದು ಕೈಯಲ್ಲಿ ಟಿಫಿನ್ ಬ್ಯಾಗ್ ಹಿಡಿದೇ ಕೈ ಮುಗಿದು, ಪೇಟೆಯ ಒಳಗೆ ನಡೆಯುತ್ತಾರೆ. ಕೋಟೆ ಇದ್ದ ಕಾಲದಲ್ಲೂ ಊರೊಳಗೆ ಬರುವವರು ಹೆಚ್ಚುಕಮ್ಮಿ ಹೀಗೇ ಬಂದಿರಬೇಕು ಅಲ್ವಾ?

ಆ ಸರ್ಕಲ್ಲಿನ ಹೆಸರು ಕೂಡ ಹಾಗೇ. ಮೈಸೂರು ಬ್ಯಾಂಕ್ ಶುರುವಾದದ್ದು 1913ರಲ್ಲಿ, ಎಸ್‌ಬಿಐ ಜೊತೆ ಸೇರಿಹೋದದ್ದು 2017ರಲ್ಲಿ. ಬ್ಯಾಂಕಿನ ಹೆಸರು ಎಲ್ಲ ಪಾಸ್‌ಬುಕ್ಕುಗಳಿಂದ ಅಳಿಸಿಹೋಯಿತು, ಆದರೆ ಆಟೋದವರಿಗೆ ಇವತ್ತಿಗೂ ಅದು ಮೈಸೂರು ಬ್ಯಾಂಕ್. 1942ರ ಕ್ವಿಟ್ ಇಂಡಿಯಾ ದಿನಗಳಲ್ಲಿ ಅಲ್ಲೇ ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಅವರ ನೆನಪಿಗೆ ಒಂದು ಸ್ಮಾರಕ ಇದೆ. ಸಿಗ್ನಲ್ಲಿನಲ್ಲಿ ನಿಂತವರು ಅದರ ಕಡೆ ಒಂದು ಸಲ ತಿರುಗಿ ನೋಡಿದರೆ ಚೆನ್ನಾಗಿರುತ್ತದೆ.

ಈ ರಸ್ತೆ ಕಂಡದ್ದು ಕಡಿಮೆ ಇಲ್ಲ. ಬಿಜಾಪುರದವರು ಬಂದರು, ಶಹಾಜಿ ಇಲ್ಲಿ ಜಹಗೀರು ನಡೆಸಿದ. 1687ರಲ್ಲಿ ಮೊಗಲರ ಸೈನ್ಯ ಊರನ್ನು ಹಿಡಿಯಿತು, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಕೊಂಡರು ಅಂತ ಚರಿತ್ರೆ ಬರೆದವರು ಹೇಳುತ್ತಾರೆ. ಅಲ್ಲಿಗೆ ಊರಿಗೆ ಊರೇ ವ್ಯಾಪಾರವಾಯಿತು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೈನ್ಯ ಹಲಸೂರು ಬಾಗಿಲ ಕಡೆಯಿಂದ ಪೇಟೆಗೆ ನುಗ್ಗಿ ಲೂಟಿ ಹೊಡೆಯಿತು. ಎರಡು ವಾರದ ಮೇಲೆ, ಈ ರಸ್ತೆಯ ಇನ್ನೊಂದು ತುದಿಯ ಆಚೆಗಿದ್ದ ಕಲ್ಲುಕೋಟೆಯೂ ಬಿತ್ತು. ಇದಾಗಿ ಹತ್ತು ವರ್ಷ ಕಳೆದಿರಲಿಲ್ಲ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ಸರ್ವೆಗೆ ಕಳಿಸಿದ್ದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದ. ಪೇಟೆಯ ವ್ಯಾಪಾರವನ್ನು ಕೂತು ವಿಚಾರಿಸಿ ಬರೆದಿಟ್ಟ. ಮಲೆನಾಡಿನ ನಗರ (ಬಿದನೂರು) ಸೀಮೆಯಿಂದ ಬರುವ ಅಡಿಕೆ, ಮೆಣಸು, ಗಂಧ, ಇಲ್ಲಿನ ನೇಕಾರರು, ಬಣ್ಣ ಹಾಕುವವರು, ಎಲ್ಲದರ ಲೆಕ್ಕ ಅವನಲ್ಲಿದೆ. ಲೂಟಿಯಾದ ಪೇಟೆ ಅಷ್ಟರಲ್ಲೇ ಮತ್ತೆ ತಕ್ಕಡಿ ಹಿಡಿದು ಕೂತಿತ್ತು. ನನಗೆ ಈ ಭಾಗ ತುಂಬಾ ಇಷ್ಟ. ರಾಜರ ಹೆಸರು ಬದಲಾಗುವಾಗ ಈ ಬೀದಿಯವರು ಏನು ಮಾಡುತ್ತಿದ್ದರು ಅಂದರೆ, ಬಾಗಿಲು ಹಾಕಿ ಕಾದರು, ಗಲಾಟೆ ಮುಗಿದ ಮೇಲೆ ಬಾಗಿಲು ತೆಗೆದರು.

1898ರ ಪ್ಲೇಗಿಗೆ ಮಾತ್ರ ಬಾಗಿಲು ಹಾಕಿ ಕೂತರೆ ಆಗಲಿಲ್ಲ. ಒತ್ತಾದ ಮನೆಗಳು, ಗಾಳಿ ಬೆಳಕು ಇಲ್ಲದ ಓಣಿಗಳು. ಜನ ಮನೆ ಬಿಟ್ಟು ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ಆ ಹೆದರಿಕೆಯಿಂದ ಬೆಳೆದ ಬಡಾವಣೆಗಳು. ಅಗಲ ರಸ್ತೆ, ಮರ, ಮನೆ ಸುತ್ತ ಖಾಲಿ ಜಾಗ. ಪೇಟೆಯಲ್ಲಿ ಏನು ಇರಲಿಲ್ಲವೋ ಅದೆಲ್ಲ ಅಲ್ಲಿ ಇತ್ತು. ಅವೆನ್ಯೂ ರೋಡಿನ ಬಗ್ಗೆ ಬರೆಯುವಾಗ ಇದನ್ನು ಮರೆಯಬಾರದು. ಇಕ್ಕಟ್ಟಿಗೆ ಒಂದು ಬೆಲೆ ಇತ್ತು, ಅದನ್ನು ಜನ ಜೀವ ಕೊಟ್ಟು ತೆತ್ತರು. ಮುಂದೆ ಅಗಲದ ವಿಷಯ ಮಾತಾಡುವಾಗ ಇದು ಬೇಕಾಗುತ್ತದೆ.

ಗೆರೆ ಹಾಕಿರೋ ಪುಸ್ತಕ

ನನ್ನ ಮಟ್ಟಿಗೆ ಅವೆನ್ಯೂ ರೋಡ್ ಅಂದರೆ ಮೊದಲು ನೆನಪಾಗೋದು ಜೂನ್ ತಿಂಗಳು, ಸಣ್ಣ ಮಳೆ, ಹಳೇ ಪುಸ್ತಕ. ಪಿಯುಸಿ ಎರಡನೇ ವರ್ಷಕ್ಕೆ ಪುಸ್ತಕ ತರೋಕೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ಮಾರ್ಕೆಟ್ ಕಡೆಯಿಂದ ನಡೆದುಕೊಂಡು ಬಂದೆವು. ಬೆಂಗಳೂರಿನಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಈ ನಡಿಗೆ ಗೊತ್ತು. ಫುಟ್‌ಪಾತಿನ ಮೇಲೆ, ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ, ಎರಡು ಕಟ್ಟಡದ ಸಂದಿಯಲ್ಲಿ, ಎದೆ ಮಟ್ಟಕ್ಕೆ ಪೇರಿಸಿಟ್ಟ ಪುಸ್ತಕ. ಬೆನ್ನು ನಮ್ಮ ಕಡೆ, ಮೇಲೆ ನೀಲಿ ಟಾರ್ಪಾಲು ಮಡಿಸಿ ರೆಡಿ. ಮೋಡ ಗುಡುಗಿದ ತಕ್ಷಣ ಎಳೆಯಬೇಕು.

ಅಂಗಡಿಯವರ ಕೈ ನೋಡಬೇಕು. ನಾವು "ಸೆಕೆಂಡ್ ಪಿಯು ಫಿಸಿಕ್ಸ್" ಅನ್ನೋದರೊಳಗೆ, ಅವರು ರಾಶಿಯ ಮಧ್ಯದಿಂದ ಒಂದು ಪುಸ್ತಕವನ್ನು ಎಡಗೈಯಲ್ಲಿ ಎತ್ತಿ, ಮೇಲಿನವು ಜಾರದ ಹಾಗೆ ಬಲಗೈಯಲ್ಲಿ ತಡೆದು ಎಳೆದಿದ್ದರು. ರಟ್ಟಿನ ಬಣ್ಣ ನೋಡಿಯೇ ಯಾವ ವರ್ಷದ್ದು ಅಂತ ಹೇಳುತ್ತಿದ್ದರು. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬೆಲೆ. ಅದರ ಕೆಳಗೆ ಹೋದ ವರ್ಷ ಓದಿದವರ ಹೆಸರು, ಸೆಕ್ಷನ್ನು, ರೋಲ್ ನಂಬರು. ಅಪ್ಪ ಅವರನ್ನು "ಯಜಮಾನ್ರೇ" ಅಂತಿದ್ದರು, ಅವರು ಅಪ್ಪನನ್ನು "ಸ್ವಾಮಿ" ಅಂತಿದ್ದರು. ಚೌಕಾಸಿ ನಡೆದದ್ದು ಆ ಮರ್ಯಾದೆಯ ಒಳಗೇ.

"ಸಿಲಬಸ್ ಬದಲಾಗಿದೆಯಾ ಯಜಮಾನ್ರೇ?"

"ಇಲ್ಲ ಸ್ವಾಮಿ, ಬದಲಾಗಿದ್ದರೆ ನಾನ್ಯಾಕೆ ಇಟ್ಕೊಂಡಿರ್ತಿದ್ದೆ? ಮಾರ್ಚಲ್ಲಿ ಪರೀಕ್ಷೆ ಮುಗಿದ ಮೇಲೆ ವಾಪಸ್ ತನ್ನಿ, ನಾನೇ ತಗೋತೀನಿ."

ಎರಡು ಪ್ರತಿ ಇತ್ತು. ಒಂದು ಹೊಸದರ ಹಾಗೇ ಇತ್ತು, ಒಳಗೆ ಒಂದು ಗೀಚು ಇರಲಿಲ್ಲ. ಇನ್ನೊಂದರ ಮೂಲೆಗಳು ಮಡಿಸಿಹೋಗಿದ್ದವು, ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಗೆರೆ, ಅಂಚಿನಲ್ಲಿ "ಇಂಪಾರ್ಟೆಂಟ್", "10 ಮಾರ್ಕ್ಸ್" ಅಂತ ಬರಹ. ನಾನು ಹೊಸದರ ಹಾಗಿದ್ದದ್ದನ್ನು ಎತ್ತಿಕೊಂಡೆ. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದು ವಾಪಸ್ ಇಟ್ಟರು. "ಗೆರೆ ಹಾಕಿರೋದು ತಗೋ. ಅದು ಯಾರೋ ಓದಿರೋ ಪುಸ್ತಕ."

ಆ ವರ್ಷವಿಡೀ ನಾನು ಗುರುತಿಲ್ಲದ ಒಬ್ಬ ಹುಡುಗಿಯ ಜೊತೆ ಫಿಸಿಕ್ಸ್ ಓದಿದೆ. ಅವಳಿಗೆ ಯಾವುದು ಕಷ್ಟ ಆಗಿತ್ತು ಅನ್ನೋದು ಗೆರೆಯ ಒತ್ತಿನಲ್ಲೇ ಗೊತ್ತಾಗುತ್ತಿತ್ತು. ಒಂದು ಅಧ್ಯಾಯದ ಕೊನೆಯಲ್ಲಿ ಲೆಕ್ಕವೊಂದನ್ನು ಅರ್ಧ ಮಾಡಿ, ಅಲ್ಲೇ ಬಿಟ್ಟು, ಇನ್ನೊಂದು ಬಣ್ಣದ ಶಾಯಿಯಲ್ಲಿ ಮತ್ತೆ ಶುರು ಮಾಡಿ ಮುಗಿಸಿದ್ದಳು. ಈ ರಸ್ತೆಯ ಕೆಲಸವನ್ನು ನಾನು ಅರ್ಥ ಮಾಡಿಕೊಂಡದ್ದು ಅಲ್ಲೇ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸೋದು. ಅಡಿಕೆ ಇರಲಿ, ಬಂಗಾರ ಇರಲಿ, ಫಿಸಿಕ್ಸ್ ಇರಲಿ, ದಾಟಿಸೋದೇ ಇದರ ಕಸುಬು.

ಈಗಲೂ ಪುಸ್ತಕದವರು ಇದ್ದಾರೆ. ಸಿಇಟಿ ಗೈಡು, ಇಂಜಿನಿಯರಿಂಗ್ ಪುಸ್ತಕ, ಕೆಎಎಸ್ ಪರೀಕ್ಷೆಯ ಪುಸ್ತಕ, ಡಿಕ್ಷನರಿ, ಕೆಳಗಡೆ ಎಲ್ಲೋ ಧೂಳು ಹಿಡಿದ ಕನ್ನಡ ಕಾದಂಬರಿಗಳು. ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಶಟರ್ ಮುಂದೆ ಪುಸ್ತಕ ಹರಡುತ್ತವೆ. ಸಂಖ್ಯೆ ಕಡಿಮೆಯಾಗಿದೆ, ಅದು ಕಣ್ಣಿಗೆ ಕಾಣುತ್ತದೆ. ಪಿಡಿಎಫ್ ಬಂತು, ಸಿಲಬಸ್ ಬೇಗ ಬೇಗ ಬದಲಾಗತೊಡಗಿತು, ಆನ್‌ಲೈನ್‌ನಲ್ಲಿ ಮನೆಗೇ ಬರುತ್ತದೆ. ಆದರೆ ಊರಿಂದ ಬಂದು ಹಾಸ್ಟೆಲ್ಲಿನಲ್ಲಿ ಕಾಂಪಿಟೇಟಿವ್ ಪರೀಕ್ಷೆಗೆ ಓದುವ ಹುಡುಗರು, ಹುಡುಗಿಯರು ಇನ್ನೂ ಅಲ್ಲಿಗೇ ಹೋಗುತ್ತಾರೆ. ಅರ್ಧ ಬೆಲೆ ಅನ್ನೋದು ಅವರಿಗೆ ಸಣ್ಣ ವಿಷಯ ಅಲ್ಲ.

ಪಕ್ಕದ ಓಣಿಗಳು

ಅವೆನ್ಯೂ ರೋಡನ್ನು ಸುಮ್ನೆ ನೇರ ನಡೆದರೆ ಅರ್ಧ ಮಾತ್ರ ನೋಡಿದ ಹಾಗೆ. ಅದರ ಎಡಕ್ಕೆ ಬಲಕ್ಕೆ ಓಣಿಗಳು ಬಿಟ್ಟುಕೊಳ್ಳುತ್ತವೆ, ಒಂದೊಂದೂ ಒಂದೊಂದು ಪೇಟೆ. ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ, ತಿಗಳರಪೇಟೆ ಅಂತ ಕಸುಬಿನ, ಕುಲದ ಹೆಸರುಗಳು. ಕಸುಬು ಈಗ ಬದಲಾಗಿದೆ, ಕುಂಬಾರಪೇಟೆಯಲ್ಲಿ ಮಡಕೆ ಹುಡುಕಿಕೊಂಡು ಹೋಗಬೇಡಿ. ಆದರೆ ಒಂದೇ ವ್ಯಾಪಾರದವರು ಒಂದೇ ಕಡೆ ಕೂರುವ ರೂಢಿ ಹಾಗೇ ಇದೆ. ಮದುವೆ ಕಾರ್ಡಿಗೆ, ಪೇಪರಿಗೆ ಸುಲ್ತಾನ್‌ಪೇಟೆ. ರೇಷ್ಮೆ ಸೀರೆಗೆ ಚಿಕ್ಕಪೇಟೆ. ವೀಣೆ, ಹಾರ್ಮೋನಿಯಂ, ತಬಲಕ್ಕೆ ಬಳೇಪೇಟೆ. ಧಾನ್ಯಕ್ಕೆ ತರಗುಪೇಟೆ. ಲೈಟು, ವೈರು, ಸ್ವಿಚ್ಚಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ಎಲೆಕ್ಟ್ರಾನಿಕ್ಸ್‌ಗೆ ಎಸ್.ಪಿ. ರೋಡ್. ಬೇಕಾದದ್ದು ಒಂದು ಅಂಗಡಿಯಲ್ಲಿ ಇಲ್ಲ ಅಂದರೆ ಆ ಅಂಗಡಿಯವರೇ ಹುಡುಗನನ್ನು ಎದುರಿನ ಅಂಗಡಿಗೆ ಓಡಿಸಿ ತರಿಸಿಕೊಡುತ್ತಾರೆ. ರಸ್ತೆ ಕಿರಿದಾಗಿರೋದರಿಂದಲೇ ಇದು ನಡೆಯೋದು. ಎದುರಿನ ಅಂಗಡಿಗೆ ಕೂಗಿದರೆ ಕೇಳುತ್ತದೆ.

ಮದುವೆ ಗೊತ್ತಾದ ಮನೆಯವರು ಎಲ್ಲಿಯವರೇ ಆಗಿರಲಿ, ವಿಜಯನಗರ, ಯಲಹಂಕ, ಕೆಂಗೇರಿ, ಒಂದು ದಿನ ಇಲ್ಲಿಗೆ ಬಂದೇ ಬರುತ್ತಾರೆ. ಅತ್ತೆ, ದೊಡ್ಡಮ್ಮ, ಮದುಮಗಳು, ದುಡ್ಡಿನ ಬ್ಯಾಗ್ ಕಂಕುಳಲ್ಲಿ ಅವುಚಿಕೊಂಡ ಚಿಕ್ಕಪ್ಪ. ಮೊದಲು ಕಾರ್ಡು, ಆಮೇಲೆ ಸೀರೆ, ಆಮೇಲೆ ರಾಜಾ ಮಾರ್ಕೆಟ್ಟಿನಲ್ಲಿ ಒಡವೆ, ಕೊನೆಗೆ ಕಾಲು ಸೋತು ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ. ಮಸಾಲೆ ದೋಸೆಗೆ ಆಲೂಗಡ್ಡೆ ಪಲ್ಯದ ಬದಲು ತರಕಾರಿ ಸಾಗು. ತಿಂದಿಲ್ಲದವರು ಒಂದು ಸಲ ತಿನ್ನಿ, ಹೆಚ್ಚೇನೂ ಹೇಳೋದಿಲ್ಲ.

ಲೆಕ್ಕದ ಪುಸ್ತಕದ ಅಂಗಡಿಗಳನ್ನು ಜಾಸ್ತಿ ಜನ ಗಮನಿಸೋದಿಲ್ಲ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಆಕಾರ, ದಾರದಲ್ಲಿ ಹೊಲಿದ ಬೆನ್ನು. ಎಲ್ಲರ ಲೆಕ್ಕವೂ ಕಂಪ್ಯೂಟರಿನಲ್ಲಿದೆ, ಜಿಎಸ್‌ಟಿ ಬಂದ ಮೇಲಂತೂ ಬೇರೆ ದಾರಿಯಿಲ್ಲ. ಆದರೂ ದೀಪಾವಳಿ ಹತ್ತಿರ ಬಂದರೆ ಈ ಪುಸ್ತಕಗಳು ಹೋಗುತ್ತವೆ. ಲಕ್ಷ್ಮೀಪೂಜೆಗೆ ಹೊಸ ಖಾತೆ ಪುಸ್ತಕ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ 'ಶ್ರೀ' ಬರೆಯದೆ ಎಷ್ಟೋ ಅಂಗಡಿಗಳಲ್ಲಿ ಹೊಸ ವರ್ಷದ ಲೆಕ್ಕ ಶುರುವಾಗೋದಿಲ್ಲ.

ನಗರ್ತಪೇಟೆ ಕಡೆಯ ಓಣಿಗಳಲ್ಲಿ ಅಕ್ಕಸಾಲಿಗರ ಸಣ್ಣ ಕೋಣೆಗಳಿವೆ. ಬೆಳಗ್ಗೆ ಬೇಗ ಹೋದರೆ ಕೆಲವರು ಸಣ್ಣ ಬ್ರಷ್ಷು, ತಗಡಿನ ಮೊರ ಹಿಡಿದು ಆ ಕೋಣೆಗಳ ಮುಂದಿನ ಧೂಳನ್ನು ಗುಡಿಸುತ್ತಿರುತ್ತಾರೆ. ಕಲ್ಲಿನ ಸಂದು, ಚರಂಡಿಯ ಅಂಚು, ಮೆಟ್ಟಿಲಿನ ಮೂಲೆ, ಒಂದನ್ನೂ ಬಿಡೋದಿಲ್ಲ. ಆ ಧೂಳನ್ನು ನೀರಿನಲ್ಲಿ ಜಾಲಿಸಿದರೆ ತಳದಲ್ಲಿ ಚಿನ್ನದ ಪುಡಿ ಉಳಿಯುತ್ತದೆ. ಕೆಲಸ ಮಾಡುವವರ ಬಟ್ಟೆಗೆ, ಕಾಲಿಗೆ ಅಂಟಿಕೊಂಡು ಹೊರಗೆ ಬಂದ ಚೂರುಗಳು. ಅವರು ತುಂಬಾ ಬಡವರು, ಸಿಗೋದು ತುಂಬಾ ಕಡಿಮೆ. ಈ ಬೀದಿಯ ಶ್ರೀಮಂತಿಕೆಯನ್ನು ಹೊಗಳುವವರು ಇವರ ಮುಂದೆಯೂ ಒಂದು ನಿಮಿಷ ನಿಲ್ಲಬೇಕು. ಇವರ ಜೊತೆಗೆ ಹಮಾಲಿಗಳು. ಬೆನ್ನ ಮೇಲೆ ಬಟ್ಟೆಯ ಮೂಟೆ, ತಳ್ಳುಗಾಡಿಯಲ್ಲಿ ಪೇಪರ್ ಬಂಡಲ್ಲು, "ಸೈಡ್, ಸೈಡ್" ಅಂತ ಕೂಗುತ್ತಾ ಬರುತ್ತಾರೆ. ಇಡೀ ರಸ್ತೆ ಇವರ ಬೆನ್ನಿನ ಮೇಲೆ ನಡೆಯುತ್ತಿದೆ.

ರೈಸ್ ಚರ್ಚಿನ ಮುಂದೆ

ಇಷ್ಟು ಗದ್ದಲದ ಮಧ್ಯೆ ಒಂದು ಗೇಟು, ಆಚೆ ಕಂಬಗಳ ಒಂದು ಚರ್ಚು. ರೈಸ್ ಮೆಮೋರಿಯಲ್ ಚರ್ಚ್. ದಿನಾ ಅದರ ಮುಂದೆ ಓಡಾಡುವವರಿಗೂ ಯಾರು ಈ ರೈಸ್ ಅಂತ ಗೊತ್ತಿರೋದಿಲ್ಲ. ಬೆಂಜಮಿನ್ ಹೋಲ್ಟ್ ರೈಸ್, ಲಂಡನ್ ಮಿಷನ್ನಿನ ಪಾದ್ರಿ. 19ನೇ ಶತಮಾನದಲ್ಲಿ ಬೆಂಗಳೂರಿಗೆ ಬಂದು, ಕನ್ನಡ ಕಲಿತು, ತನ್ನ ಆಯಸ್ಸಿನ ದೊಡ್ಡ ಪಾಲನ್ನು ಇಲ್ಲೇ ಕಳೆದವರು. ಹೆಣ್ಣುಮಕ್ಕಳನ್ನು ಓದಿಸೋದು ಅಂದರೆ ಊರವರು ಮುಖ ತಿರುಗಿಸುತ್ತಿದ್ದ 1840ರ ದಶಕದಲ್ಲಿ, ಅವರ ಹೆಂಡತಿ ಮತ್ತು ಮಿಷನ್ನಿನ ಇತರ ಹೆಂಗಸರು ಪೇಟೆಯ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಈಗಿನ ಕಟ್ಟಡ ರೈಸ್ ಅವರ ನೆನಪಿಗೆ ಕಟ್ಟಿದ್ದು, 1917ರ ಹೊತ್ತಿನದು.

ಅವರ ಮಗ ಬಿ.ಎಲ್. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಈ ಮಗನ ಋಣವನ್ನು ಕನ್ನಡ ಓದುವ ಯಾರೂ ಮರೆಯಬಾರದು. ಮೈಸೂರು ಸೀಮೆಯ ಊರೂರು ತಿರುಗಿ, ಹೊಲದಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಗೋಡೆಯಲ್ಲಿ ಇದ್ದ ಶಾಸನಗಳನ್ನು ಓದಿಸಿ, ಬರೆಸಿ, ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟ ಮಾಡಿದವರು. ಸುಮಾರು 9000 ಶಾಸನಗಳು. ಅವರ ಜೊತೆ ಹಳ್ಳಿ ಹಳ್ಳಿ ತಿರುಗಿ ಅಚ್ಚೆತ್ತಿದ, ಪ್ರತಿ ಮಾಡಿದ ಇಲ್ಲಿನ ಪಂಡಿತರ ಶ್ರಮವೂ ಅದರಲ್ಲಿದೆ. ಪಂಪ ಭಾರತ 1898ರಲ್ಲಿ ಅಚ್ಚಾದದ್ದು ಕೂಡ ಇವರ ಕೈಯಿಂದ. ಪೇಟೆಯಲ್ಲಿ ಪ್ಲೇಗ್ ಬಂದ ವರ್ಷವೂ ಅದೇ. ಒಂದು ಕಡೆ ಜನ ಮನೆ ಬಿಟ್ಟು ಓಡುತ್ತಿದ್ದರು, ಅದೇ ವರ್ಷ ಸಾವಿರ ವರ್ಷದ ಹಿಂದಿನ ಕವಿ ಅಚ್ಚಿನ ಮನೆಯಿಂದ ಹೊರಗೆ ಬರುತ್ತಿದ್ದ. ಈ ಎರಡೂ ಒಟ್ಟಿಗೆ ತಲೆಗೆ ಬಂದಾಗ ನನಗೆ ಏನೋ ಒಂಥರಾ ಆಗುತ್ತದೆ.

ಕರಗದ ರಾತ್ರಿ

ಅವೆನ್ಯೂ ರೋಡಿನಲ್ಲಿ ಗಾಡಿ ಇಲ್ಲದೆ, ಹಾರ್ನ್ ಇಲ್ಲದೆ, ರಸ್ತೆಯ ಮಧ್ಯೆ ನಿಲ್ಲಬೇಕು ಅಂದರೆ ಚೈತ್ರ ಹುಣ್ಣಿಮೆಯ ರಾತ್ರಿ ಹೋಗಬೇಕು. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ನಡುರಾತ್ರಿ ದಾಟಿದ ಮೇಲೆ ದ್ರೌಪದಿಯ ಕರಗ, ತಲೆ ಮೇಲೆ ಹೊತ್ತ ಹೂವಿನ ಕಳಶ, ಹೊರಡುತ್ತದೆ. ಪೇಟೆಯ ಓಣಿಗಳನ್ನೆಲ್ಲ ಸುತ್ತುತ್ತದೆ. ಅರಳೇಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ.

ನಾನು ಕಾಲೇಜಿನಲ್ಲಿದ್ದಾಗ ಗೆಳೆಯನ ಮನೆಯವರ ಜೊತೆ ಹೋಗಿದ್ದೆ. ಅವರ ಅಜ್ಜಿ ಪೇಟೆಯವರು, ಮಲ್ಲಿಗೆ ಮೊಗ್ಗನ್ನು ಬಿಡಿಬಿಡಿಯಾಗಿ ಒಂದು ಬುಟ್ಟಿಯಲ್ಲಿ ಇಟ್ಟುಕೊಂಡು ಅಂಗಡಿಯೊಂದರ ಜಗಲಿ ಮೇಲೆ ಕೂತಿದ್ದರು. ಎಲ್ಲ ಶಟರೂ ಎಳೆದಿತ್ತು. ಹಗಲು ಬೋರ್ಡುಗಳ ಹಿಂದೆ ಮುಚ್ಚಿಹೋಗಿರುವ ಮೇಲ್ಮಹಡಿಗಳು ಸೀರಿಯಲ್ ಲೈಟಿನಲ್ಲಿ ಕಾಣುತ್ತಿದ್ದವು. ಮರದ ಕಿಟಕಿ, ಸಣ್ಣ ಬಾಲ್ಕನಿ, ಗಾರೆಯ ಬಳ್ಳಿ. ಪ್ರತಿ ಬಾಲ್ಕನಿಯಲ್ಲೂ ಒಂದು ಸಂಸಾರ. ಮಕ್ಕಳು ಜಗಲಿಯ ಮೇಲೇ ನಿದ್ದೆ ಹೋಗಿದ್ದರು. ಎಲ್ಲೋ ದೂರದಲ್ಲಿ "ಗೋವಿಂದ, ಗೋವಿಂದ" ಅನ್ನೋ ಕೂಗು ಕೇಳಿದ ಕೂಡಲೇ ಅಜ್ಜಿ ಎಲ್ಲರನ್ನೂ ತಟ್ಟಿ ಎಬ್ಬಿಸಿದರು. "ಏಳ್ರೋ, ತಾಯಿ ಬಂದಳು."

ಮೊದಲು ವೀರಕುಮಾರರು, ಕೈಯಲ್ಲಿ ಬಿಚ್ಚುಗತ್ತಿ, ಬರಿಗಾಲು. ಅವರ ಮಧ್ಯೆ ಕರಗ ಹೊತ್ತವರು. ಮೊಳಗಟ್ಟಲೆ ಮಲ್ಲಿಗೆ ಮುಖದ ಮೇಲಿಂದ ಬೆನ್ನಿನವರೆಗೆ ಇಳಿದಿತ್ತು. ಸೀರೆ ಉಟ್ಟು, ಬಳೆ ತೊಟ್ಟು, ತಲೆ ಮೇಲಿನ ಕರಗವನ್ನು ಕೈಯಿಂದ ಮುಟ್ಟದೆ, ಅವರು ನಡೆಯುತ್ತಿರಲಿಲ್ಲ, ಓಡುವ ಹಾಗೆ ಸಾಗುತ್ತಿದ್ದರು. ಎರಡೂ ಕಡೆಯಿಂದ ಮಲ್ಲಿಗೆ ಮೊಗ್ಗು ಮಳೆಯ ಹಾಗೆ ಬಿತ್ತು. ರಸ್ತೆ ಎಷ್ಟು ಕಿರಿದು ಅಂದರೆ, ಎರಡೂ ಬದಿಯ ಬಾಲ್ಕನಿಯಿಂದ ಎಸೆದ ಹೂವು ಕರಗದ ಮೇಲೇ ಬೀಳುತ್ತಿತ್ತು. ಅಜ್ಜಿ ಎಸೆದದ್ದೂ ಬಿತ್ತು. ಅವರು ಆ ಜಗಲಿಯ ಮೇಲೆ ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಕೂತಿದ್ದರಂತೆ.

ನೂರು ಅಡಿ ರಸ್ತೆಯಲ್ಲಿ ಇದು ಆಗುವ ಮಾತಲ್ಲ. ನೂರು ಅಡಿ ರಸ್ತೆಯಲ್ಲಿ ಮೆರವಣಿಗೆ ಹೋಗಬಹುದು, ಬ್ಯಾರಿಕೇಡ್ ಹಾಕಿ ದೂರ ನಿಂತು ನೋಡಬಹುದು.

ಅಗಲ ಮಾಡೋದಾ?

ಈಗ ಅಗಲದ ವಿಷಯ. 2000ರ ದಶಕದ ಕೊನೆಗೆ ಅವೆನ್ಯೂ ರೋಡನ್ನು ಅಗಲ ಮಾಡುವ ಯೋಜನೆ ಬಂತು. ಎರಡೂ ಕಡೆಯ ಕಟ್ಟಡಗಳನ್ನು ಕೊಯ್ದು ರಸ್ತೆಗೆ ಜಾಗ ಮಾಡೋದು. ವ್ಯಾಪಾರಿಗಳು ಅಂಗಡಿ ಬಂದ್ ಮಾಡಿ ಪ್ರತಿಭಟಿಸಿದರು. ಆ ಮಾತು ಅಲ್ಲಿಗೆ ನಿಂತರೂ ಪೂರ್ತಿ ಸತ್ತಿಲ್ಲ. ಟ್ರಾಫಿಕ್ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು "ಪೇಟೆ ರಸ್ತೆಗಳನ್ನ ಅಗಲ ಮಾಡ್ಬೇಕು ಕಣ್ರೀ" ಅಂದೇ ಅನ್ನುತ್ತಾರೆ.

ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳೋದಿಲ್ಲ. ಪ್ಲೇಗಿನ ಕಥೆ ಆಗಲೇ ಹೇಳಿದೆ. ಇವತ್ತು ಒಳಗಿನ ಓಣಿಯಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಹೋಗೋದು ಕಷ್ಟ. ಬಟ್ಟೆ, ಪೇಪರು, ಪ್ಲಾಸ್ಟಿಕ್ಕಿನ ಗೋಡೌನುಗಳ ಮೇಲೆ ಮನೆಗಳಿವೆ, ಮನೆಗಳಲ್ಲಿ ಮಕ್ಕಳಿದ್ದಾರೆ. ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ಒಂದು ಒಳ್ಳೆ ಶೌಚಾಲಯ ಹುಡುಕೋದು ದಿನನಿತ್ಯದ ಕಷ್ಟ. ಹಳೆಯದನ್ನು ಪ್ರೀತಿಸುವವರು ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಸುಮ್ಮನೆ ಮರದ ಕಿಟಕಿಯ ಫೋಟೋ ಹಾಕಿಕೊಂಡು ಕೂತರೆ ಆಗೋದಿಲ್ಲ.

ಆದರೆ ಅಗಲ ಮಾಡಿದರೆ ಯಾವುದು ಸರಿಹೋಗುತ್ತದೆ? ಅಗಲವಾದ ಜಾಗದಲ್ಲಿ ಇನ್ನಷ್ಟು ಗಾಡಿ ಬಂದು ನಿಲ್ಲುತ್ತವೆ, ಬೆಂಗಳೂರಿನ ಬೇರೆ ಎಲ್ಲ ರಸ್ತೆಗಳಲ್ಲೂ ಆದದ್ದು ಅದೇ. ಹೋಗೋದು ಯಾವುದು ಅಂದರೆ ಎರಡೂ ಬದಿಯ ಮುಂಭಾಗಗಳು, ಜಗಲಿ, ಮೆಟ್ಟಿಲು, ಬಾಡಿಗೆಗೆ ಕೂತ ಸಣ್ಣ ಅಂಗಡಿಯವರು, ಜಗಲಿಯನ್ನೇ ನಂಬಿದ ಪುಸ್ತಕದವರು. ಕಟ್ಟಡದ ಒಡೆಯರಿಗೆ ಹೇಗೋ ಪರಿಹಾರ ಸಿಗಬಹುದು. ಬಾಡಿಗೆಯವರಿಗೆ, ಜಗಲಿಯವರಿಗೆ ಯಾವ ಪರಿಹಾರ? ಇನ್ನೊಂದು ವಿಷಯ. ಕಟ್ಟಡಗಳನ್ನು ಮತ್ತೆ ಕಟ್ಟಬಹುದು, ಈ ಬೀದಿಯಲ್ಲಿ ಎಷ್ಟೋ ಸಲ ಕಟ್ಟಿದ್ದಾರೆ. ಇಷ್ಟು ವರ್ಷಗಳಲ್ಲಿ ಉಳಿದುಬಂದಿರೋದು ಸಾಲು ಮತ್ತು ಅದರ ಅಗಲ. ಅದನ್ನೇ ಕೊಯ್ದರೆ ಕೆಂಪೇಗೌಡರ ಬೆಂಗಳೂರಿನಲ್ಲಿ ಕೆಂಪೇಗೌಡರದ್ದು ಅಂತ ಏನು ಉಳಿಯುತ್ತದೆ? ವಿಮಾನ ನಿಲ್ದಾಣದ ಹೆಸರು, ಬಸ್ ನಿಲ್ದಾಣದ ಹೆಸರು.

ಕೆಲವು ವರ್ಷಗಳ ಹಿಂದೆ ಪೈಪು, ಕೇಬಲ್ಲು ಹೂಳೋಕೆ ಅಂತ ಈ ರಸ್ತೆಯನ್ನು ತಿಂಗಳುಗಟ್ಟಲೆ ಅಗೆದು ಬಿಟ್ಟಿದ್ದರು. ಹಲಗೆ ಮೇಲೆ ಕಾಲಿಟ್ಟುಕೊಂಡು ಅಂಗಡಿಗೆ ಹೋಗಬೇಕಿತ್ತು. ಕೊರೊನಾದಿಂದ ಆಗಲೇ ಸೋತಿದ್ದ ವ್ಯಾಪಾರ ಇನ್ನಷ್ಟು ಬಿತ್ತು. ಆ ದಿನಗಳಲ್ಲಿ ಒಂದು ಸಂಗತಿ ಮಾತ್ರ ಕಣ್ಣಿಗೆ ಬಿತ್ತು. ಗಾಡಿ ಬರೋಕೆ ಆಗುತ್ತಿರಲಿಲ್ಲ, ಆದರೂ ಬೇಕಾದವರು ನಡೆದುಕೊಂಡು ಬಂದೇ ಬಂದರು. ಧೂಳು, ಗುಂಡಿ, ಹಲಗೆ ಇದ್ದಾಗಲೇ ಬಂದವರು, ರಸ್ತೆ ನೆಟ್ಟಗಿದ್ದರೆ ಬರೋದಿಲ್ವಾ?

2017ರ ಜೂನ್‌ನಿಂದ ಪೇಟೆಯ ಕೆಳಗೆ ಮೆಟ್ರೋ ಓಡುತ್ತಿದೆ. ಚಿಕ್ಕಪೇಟೆಯಲ್ಲಿ ಒಂದು ನಿಲ್ದಾಣ, ಮಾರ್ಕೆಟ್ಟಿನಲ್ಲಿ ಇನ್ನೊಂದು. ಮೇಲಿನ ಬೀದಿಯನ್ನು ಮುಟ್ಟದೆ, ಬಂಡೆ ಕೊರೆದು ಸುರಂಗ ಮಾಡಿದರು, ಅದು ಸುಲಭದ ಕೆಲಸ ಆಗಿರಲಿಲ್ಲ. ಅಷ್ಟು ಖರ್ಚು ಮಾಡಿ ಜನರನ್ನು ಪೇಟೆಯ ಹೊಟ್ಟೆಗೇ ತಂದು ಇಳಿಸಿದ ಮೇಲೆ, ಮೇಲೆ ಕಾರಿಗೆ ಜಾಗ ಮಾಡಿ ಅನ್ನೋದರಲ್ಲಿ ಅರ್ಥ ಇದೆಯಾ? 2020ರ ಕೊನೆಯಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಕೆಲವು ತಿಂಗಳು ವಾರಾಂತ್ಯಕ್ಕೆ ಗಾಡಿ ನಿಲ್ಲಿಸಿದ್ದರು. ಅದು ಕಾಫಿ ಕುಡಿಯುವವರ, ಸುತ್ತಾಡುವವರ ಬೀದಿ. ನಡೆಯುವವರಿಗೆ ಅಂತ ಒಂದು ರಸ್ತೆ ಬಿಡೋದಾದರೆ ಮೊದಲ ಹಕ್ಕು ಅವೆನ್ಯೂ ರೋಡಿನದು, ಇದು ಹುಟ್ಟಿದ್ದೇ ನಡೆಯುವವರಿಗೆ.

ನನಗೆ ಕಾಣುವ ದಾರಿ ಇಷ್ಟು. ಹಗಲು ಹತ್ತರಿಂದ ರಾತ್ರಿ ಎಂಟರವರೆಗೆ ಕಾರು, ಬೈಕು ಬೇಡ. ಸರಕಿನ ಗಾಡಿ ರಾತ್ರಿ ಬರಲಿ, ಬೆಳಗಾಗುವುದರೊಳಗೆ ಖಾಲಿಯಾಗಲಿ. ತಳ್ಳುಗಾಡಿಗೆ, ಹಮಾಲಿಗಳಿಗೆ ಯಾವ ಹೊತ್ತಿನಲ್ಲೂ ತಡೆ ಇರಬಾರದು. ವಯಸ್ಸಾದವರಿಗೆ, ನಡೆಯಲಾಗದವರಿಗೆ ಎರಡು ತುದಿಯ ಮಧ್ಯೆ ಬ್ಯಾಟರಿ ಗಾಡಿ ಓಡಲಿ. ಬೆಂಕಿಗೆ ಒಳಗಿನ ಓಣಿಗಳಲ್ಲಿ ನೀರಿನ ಪೈಪು, ಚಿಕ್ಕ ಗಾಡಿ. ಎರಡು ಮೂರು ಕಡೆ ಶೌಚಾಲಯ, ದಿನಾ ತೊಳೆಯುವಂಥದ್ದು. ಇದರಲ್ಲಿ ಒಂದಕ್ಕೂ ಯಾವ ಕಟ್ಟಡವನ್ನೂ ಕೊಯ್ಯಬೇಕಾಗಿಲ್ಲ. ಗಿರಾಕಿ ಕಡಿಮೆಯಾಗುತ್ತಾರೆ ಅಂತ ಕೆಲವು ಅಂಗಡಿಯವರು ಹೆದರುತ್ತಾರೆ, ಆ ಹೆದರಿಕೆಯನ್ನು ತಳ್ಳಿಹಾಕದೆ, ಅವರನ್ನು ಕೂರಿಸಿಕೊಂಡು ಮಾತಾಡಿ, ಬೇಕಾದರೆ ಮೊದಲು ಭಾನುವಾರಗಳಲ್ಲಿ ಮಾಡಿ ನೋಡಬಹುದು.

ಜೊತೆಗೆ ಪುಸ್ತಕದವರಿಗೆ ಒಂದು ಕಾಗದ ಬೇಕು. ಇಷ್ಟು ವರ್ಷ ಮಾರಿದ ಜಾಗದಲ್ಲೇ ಮಾರಬಹುದು ಅಂತ ಹೆಸರು ಬರೆದ ಒಂದು ಪರವಾನಗಿ. ಬೀದಿ ವ್ಯಾಪಾರಿಗಳ ಕಾನೂನು 2014ರಲ್ಲೇ ಬಂದಿದೆ, ಅದರಲ್ಲಿ ಇದಕ್ಕೆ ದಾರಿ ಇದೆ. ಕಾಲೇಜು ಶುರುವಾಗುವ ಜೂನ್‌ಗೆ ಮುಂಚೆ ಅದು ಅವರ ಕೈಗೆ ಸಿಗಬೇಕು.